590 ವರ್ಷದ ಮರದ ಮನೆ ಮತ್ತು ನಮ್ಮ ಡಿಪ್ರಿಸಿಯೇಶನ್ ಲೆಕ್ಕ

ಭಾಗ 1/8: ಪುಸ್ತಕದಲ್ಲಿ ಸೊನ್ನೆ ಆದ ಮನೆ

ಮೊದಲು ಒಂದು ಸಮ್ ಮಾಡೋಣ. ಓಡಿಹೋಗಬೇಡಿ, ಎರಡೇ ನಿಮಿಷ.

ಇನ್‌ಕಮ್ ಟ್ಯಾಕ್ಸ್ ಪೇಪರ್‌ನಲ್ಲಿ ಡಿಪ್ರಿಸಿಯೇಶನ್ ರೇಟ್ ಬಾಯಿಪಾಠ ಮಾಡಿದ್ದು ನೆನಪಿದೆಯಲ್ಲ? ವಾಸದ ಕಟ್ಟಡಕ್ಕೆ 5%, ಬೇರೆ ಕಟ್ಟಡಕ್ಕೆ 10%. ಅದರ ಕೆಳಗೆ ಇನ್ನೊಂದು ಸಾಲಿದೆ. ಮರದಿಂದ ಕಟ್ಟಿದ ತಾತ್ಕಾಲಿಕ ಕಟ್ಟಡದಂಥವಕ್ಕೆ 40%.

ಒಂದು ಲಕ್ಷ ರೂಪಾಯಿಯ ಮರದ ಕಟ್ಟಡ ಅಂದ್ಕೊಳ್ಳಿ. ಮೊದಲ ವರ್ಷದ ಕೊನೆಗೆ 60,000. ಎರಡನೇ ವರ್ಷಕ್ಕೆ 36,000. ಐದನೇ ವರ್ಷಕ್ಕೆ 7,776. ಹತ್ತನೇ ವರ್ಷ ಮುಗಿಯೋ ಹೊತ್ತಿಗೆ ಉಳಿಯೋದು ಸುಮಾರು 605 ರೂಪಾಯಿ. ನಾಲ್ಕು ಜನ ಹೋಟೆಲ್‌ಗೆ ಹೋದ್ರೆ ಅದೂ ಖಾಲಿ.

ಈಗ ಫೋಟೋ ನೋಡಿ. ಇದು ವೇಲ್ಸ್ ದೇಶದ ರಿಥಿನ್ ಅನ್ನೋ ಪುಟ್ಟ ಊರಿನ ಒಂದು ಮನೆ. ಇದರ ಎಲುಬುಗೂಡು ಪೂರ್ತಿ ಓಕ್ ಮರದ್ದು. ಕಟ್ಟಿದ್ದು ಸುಮಾರು 1435ರಲ್ಲಿ. ಆಗ ನಮ್ಮ ಹಂಪಿಯಲ್ಲಿ ಆಳ್ತಾ ಇದ್ದದ್ದು ಇಮ್ಮಡಿ ದೇವರಾಯ. ಅಂದ್ರೆ ಈ ಮನೆಗೆ ಹತ್ತಿರ ಹತ್ತಿರ 590 ವರ್ಷ ವಯಸ್ಸು. ಇವತ್ತಿಗೂ ನಿಂತಿದೆ. ಟಿಕೆಟ್ ತಗೊಂಡು ಒಳಗೆ ಹೋಗಿ ನೋಡಿ ಬರಬಹುದು.

"ಅಲ್ಲಾ, ರೂಲ್‌ನಲ್ಲಿ ಇರೋದು ತಾತ್ಕಾಲಿಕ ಕಟ್ಟಡದ ಬಗ್ಗೆ, ಇದು ಗಟ್ಟಿ ಮನೆ" ಅಂತ ನಮ್ಮ ಟಾಪರ್ ಒಬ್ಬರು ಈಗಾಗಲೇ ಟೈಪ್ ಮಾಡ್ತಾ ಇರ್ತಾರೆ. ಒಪ್ಪಿದೆ. ಹಾಗಾದ್ರೆ 5% ಹಾಕಿ. ನೂರು ವರ್ಷಕ್ಕೆ ಒಂದು ಲಕ್ಷ ಇಳಿದು 592 ರೂಪಾಯಿಗೆ ಬರುತ್ತೆ. ಉಳಿದ 490 ವರ್ಷ ಈ ಮನೆ ಯಾವ ಲೆಕ್ಕದಲ್ಲಿ ನಿಂತಿತ್ತು? ಈ ಸರಣಿಯಲ್ಲಿ ಹುಡುಕೋದು ಅದನ್ನೇ.

ಭಾಗ 2/8: ಊರು ಯಾವುದು, ಹೆಸರು ಏನು

ವೇಲ್ಸ್ ಎಲ್ಲಿದೆ ಅಂತ ಕೇಳಿದ್ರೆ ನಮ್ಮಲ್ಲಿ ತುಂಬಾ ಜನ "ಇಂಗ್ಲೆಂಡ್ ಒಳಗೆ" ಅಂತಾರೆ. ವೇಲ್ಸ್‌ನವರ ಮುಂದೆ ಹಾಗೆ ಅನ್ನಬೇಡಿ. ಬ್ರಿಟನ್‌ನ ಪಶ್ಚಿಮ ಭಾಗದಲ್ಲಿರೋ ಬೇರೆಯೇ ದೇಶ ಅದು. ಅವರಿಗೆ ಸ್ವಂತ ಭಾಷೆ ಇದೆ, ಅದಕ್ಕೂ ಇಂಗ್ಲಿಷ್‌ಗೂ ಸಂಬಂಧ ಬಹಳ ದೂರದ್ದು.

ನಮಗೂ ವೇಲ್ಸ್‌ಗೂ ಒಂದು ನಂಟಿದೆ. ಅಲ್ಲಿನ ಪೋವಿಸ್ ಕೋಟೆಯಲ್ಲಿ ಟಿಪ್ಪು ಸುಲ್ತಾನನ ಡೇರೆ ಇದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕ್ಲೈವ್ ಕುಟುಂಬದ ಕೈ ಸೇರಿ ಅಲ್ಲಿಗೆ ಹೋಯ್ತು. ವೇಲ್ಸ್ ಬಗ್ಗೆ ಹುಡುಕೋಕೆ ಹೊರಟಾಗ ನನಗೂ ಮೊದಲು ಸಿಕ್ಕಿದ್ದು ಅದೇ. ಕೋಟೆಗಳ ಕಥೆ ಹೇಳೋಕೆ ಬೇಕಾದಷ್ಟು ಜನ ಇದ್ದಾರೆ. ನಾನು ಹೇಳ್ತಿರೋದು ಒಬ್ಬ ವ್ಯಾಪಾರಿಯ ಮನೆ ಕಥೆ. ಬಿಕಾಂ ಓದೋರಿಗೆ ಅದೇ ಅಲ್ವಾ ಹತ್ತಿರ?

ರಿಥಿನ್ ಇರೋದು ಉತ್ತರ ವೇಲ್ಸ್‌ನ ಕ್ಲೂಯ್ಡ್ ನದಿಯ ಕಣಿವೆಯಲ್ಲಿ. ಜನಸಂಖ್ಯೆ ಐದೂವರೆ ಸಾವಿರದ ಆಸುಪಾಸು. ನಮ್ಮ ಲೆಕ್ಕದಲ್ಲಿ ದೊಡ್ಡ ಹಳ್ಳಿ ಅನ್ನಬಹುದು. ಊರಿನ ಹೆಸರಿನ ಅರ್ಥ ಕೆಂಪು ಕೋಟೆ, ಯಾಕಂದ್ರೆ ಅಲ್ಲಿನ ಕಲ್ಲೇ ಕೆಂಪು. ಗುಡ್ಡದ ಮೇಲೆ ಊರು, ಅದರ ಒಂದು ಅಂಚಿಗೆ 1277ರಲ್ಲಿ ಶುರುವಾದ ಕೋಟೆ. ಕೋಟೆ ಕಡೆ ಹೋಗೋ ಬೀದಿಗೆ ಕ್ಯಾಸಲ್ ಸ್ಟ್ರೀಟ್ ಅಂತ ಹೆಸರು. ಆ ಬೀದಿಯಲ್ಲಿದೆ ನಮ್ಮ ಮನೆ.

ಮನೆ ಹೆಸರು ನಾಂಟ್‌ಕ್ಲೂಯ್ಡ್ ಅ ಡ್ರೇ. ನಾಲಿಗೆ ಹೊರಳದೇ ಇದ್ರೆ ಪರವಾಗಿಲ್ಲ, ನನಗೂ ಮೂರು ದಿನ ಬೇಕಾಯ್ತು. "ಅ ಡ್ರೇ" ಅಂದ್ರೆ ಪೇಟೆಯದ್ದು ಅಂತ. ನಾಂಟ್‌ಕ್ಲೂಯ್ಡ್ ಅನ್ನೋದು ಹಳ್ಳಿ ಕಡೆ ಇದ್ದ ದೊಡ್ಡ ಎಸ್ಟೇಟ್‌ನ ಹೆಸರು. ಆ ಎಸ್ಟೇಟ್‌ನವರಿಗೆ ಪೇಟೆಯಲ್ಲಿದ್ದ ಮನೆ ಇದು, ಅದಕ್ಕೇ ಪೇಟೆ ನಾಂಟ್‌ಕ್ಲೂಯ್ಡ್. ಆದರೆ ಈ ಹೆಸರು ಬಂದದ್ದು ಆಮೇಲೆ. ಮನೆ ಹುಟ್ಟಿದಾಗ ಇದು ಬೇರೆಯವರದ್ದು. ಅವರ ಕಥೆಗೆ ಮೊದಲು ಊರು ಸುಟ್ಟುಹೋದ ಕಥೆ ಹೇಳಬೇಕು.

ಭಾಗ 3/8: ಸೆಪ್ಟೆಂಬರ್ 1400

ಕೋಟೆಯಲ್ಲಿ ಇಂಗ್ಲಿಷ್ ದೊರೆ, ಸುತ್ತಲಿನ ಹಳ್ಳಿಗಳಲ್ಲಿ ವೇಲ್ಸ್ ಜನ. 1282ರಿಂದ ಈ ಕಣಿವೆ ಗ್ರೇ ಅನ್ನೋ ಇಂಗ್ಲಿಷ್ ಮನೆತನದ ಕೈಯಲ್ಲಿತ್ತು. 1400ರ ಹೊತ್ತಿಗೆ ಅಲ್ಲಿದ್ದ ದೊರೆ ರೆಜಿನಾಲ್ಡ್ ಗ್ರೇ. ಅವನಿಗೂ ಪಕ್ಕದ ಕಣಿವೆಯ ಜಮೀನ್ದಾರ ಓವೈನ್ ಗ್ಲಿನ್‌ಡೂರ್‌ಗೂ ಜಮೀನಿನ ಜಗಳ. ಕೇಳೋಕೆ ಚಿಕ್ಕ ವಿಷಯ. ಆದರೆ ಜಮೀನಿನ ಜಗಳ ಎಲ್ಲಿಗೆ ಹೋಗಿ ಮುಟ್ಟುತ್ತೆ ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

1400ರ ಸೆಪ್ಟೆಂಬರ್ 16ರಂದು ಗ್ಲಿನ್‌ಡೂರ್‌ನ ಕಡೆಯವರು ಅವನನ್ನು ವೇಲ್ಸ್‌ನ ರಾಜಕುಮಾರ ಅಂತ ಘೋಷಿಸಿದ್ರು. ಅದಾಗಿ ಕೆಲವೇ ದಿನಕ್ಕೆ ದಾಳಿ ನಡೆಯಿತು. ಮೊದಲ ಗುರಿ ರಿಥಿನ್. ಕೋಟೆ ಬೀಳಲಿಲ್ಲ, ಅದು ಕಲ್ಲಿನದ್ದು. ಪೇಟೆ ಸುಟ್ಟುಹೋಯಿತು, ಅದು ಮರದ್ದು. ದೊರೆಯ ಮೇಲಿನ ಸಿಟ್ಟಿಗೆ ಬೆಂದದ್ದು ಅಂಗಡಿಯವರ, ನೇಕಾರರ, ಚಮ್ಮಾರರ ಮನೆಗಳು.

1402ರಲ್ಲಿ ಗ್ಲಿನ್‌ಡೂರ್ ಆ ಗ್ರೇಯನ್ನೇ ಸೆರೆ ಹಿಡಿದ. ಬಿಡಿಸಿಕೊಳ್ಳೋಕೆ ಕೇಳಿದ ಹಣ 10,000 ಮಾರ್ಕ್. ಒಂದು ಮಾರ್ಕ್ ಅಂದ್ರೆ ಪೌಂಡ್‌ನ ಮೂರನೇ ಎರಡು ಪಾಲು, ಹಾಗಾಗಿ 6,666 ಪೌಂಡ್‌ಗೂ ಮೇಲೆ. ಆ ಕಾಲಕ್ಕೆ ಅದು ಒಂದು ದೊಡ್ಡ ಮನೆತನವನ್ನೇ ಸಾಲಕ್ಕೆ ತಳ್ಳುವಂಥ ಮೊತ್ತ.

ಸುಟ್ಟ ಊರಲ್ಲಿ ಮೊದಲು ಎದ್ದದ್ದು ಏನು ಗೊತ್ತಾ? ಕೋರ್ಟ್. ಊರ ನಡುವಿನ ಚೌಕದಲ್ಲಿ ಮರದ ಚೌಕಟ್ಟಿನ ಹಳೇ ಕೋರ್ಟ್ ಕಟ್ಟಡ ಇನ್ನೂ ಇದೆ, ಕಾಲ 1401. ಅದರ ಸೂರಿನ ಕೆಳಗೆ ಗಲ್ಲು ಮರದ ಒಂದು ಮೊಂಡು ಚಾಚಿಕೊಂಡಿದೆ. ಇತ್ತೀಚಿನವರೆಗೆ ಆ ಕಟ್ಟಡದಲ್ಲಿ ಬ್ಯಾಂಕ್ ಇತ್ತು. ದೊರೆಗೆ ಕೋರ್ಟ್ ಅಂದ್ರೆ ಬರೀ ನ್ಯಾಯ ಅಲ್ಲ, ದಂಡ ಮತ್ತು ಶುಲ್ಕದ ಆದಾಯವೂ ಹೌದು. ಅದಕ್ಕೇ ಅಷ್ಟು ಅವಸರ ಇದ್ದಿರಬೇಕು ಅಂತ ನನ್ನ ಅನಿಸಿಕೆ.

ಭಾಗ 4/8: ಕೊಳ್ಳಬಾರದು ಅಂದ ಊರಲ್ಲಿ ಕಟ್ಟಿದವನು

ಈ ಭಾಗ ನಿಧಾನವಾಗಿ ಓದಿ, ಸರಣಿ ಬರೆಯೋಕೆ ಕಾರಣವೇ ಇದು.

ದಂಗೆ ಎದ್ದ ಮೇಲೆ, 1401 ಮತ್ತು 1402ರಲ್ಲಿ, ಇಂಗ್ಲಿಷ್ ಪಾರ್ಲಿಮೆಂಟ್ ವೇಲ್ಸ್ ಜನರ ವಿರುದ್ಧ ಸಾಲು ಸಾಲು ಕಾಯ್ದೆ ತಂತು. ವೇಲ್ಸ್‌ನವರು ಇಂಗ್ಲಿಷ್ ಪಟ್ಟಣಗಳಲ್ಲಿ ಜಾಗ ಕೊಳ್ಳುವಂತಿಲ್ಲ. ಪಟ್ಟಣದ ಅಧಿಕಾರದ ಹುದ್ದೆ ಹಿಡಿಯುವಂತಿಲ್ಲ. ಆಯುಧ ಹಿಡಿದು ಪೇಟೆಗೆ ಬರುವಂತಿಲ್ಲ. ವೇಲ್ಸ್ ಹೆಣ್ಣನ್ನು ಮದುವೆಯಾದ ಇಂಗ್ಲಿಷ್ ಗಂಡಸಿಗೂ ಹುದ್ದೆ ಇಲ್ಲ. ಅವರ ಸ್ವಂತ ನೆಲದಲ್ಲೇ ಅವರನ್ನು ಹೊರಗಿನವರನ್ನಾಗಿ ಮಾಡಿದ ಕಾಯ್ದೆ ಇದು.

ಇಂಥಾ ಕಾಲದಲ್ಲಿ, ಸುಮಾರು 1435ರಲ್ಲಿ, ಕೋಟೆಯ ಬೀದಿಯಲ್ಲೇ ಒಂದು ಒಳ್ಳೆ ಮನೆ ಎದ್ದಿತು. ಕಟ್ಟಿಸಿದವನು ಒಬ್ಬ ವ್ಯಾಪಾರಿ, ಹೆಸರು ಗೊರೊನ್ವಿ ಅಪ್ ಮಡೋಗ್. "ಅಪ್" ಅಂದ್ರೆ ಮಗ. ಮಡೋಗ್‌ನ ಮಗ ಗೊರೊನ್ವಿ. ನಮ್ಮಲ್ಲಿ ಹೆಸರಿನ ಜೊತೆ ಅಪ್ಪನ ಇನಿಷಿಯಲ್ ಹಾಕ್ತೀವಲ್ಲ, ಹಾಗೇ. ಹೆಸರು ಕೇಳಿದ ಕೂಡಲೇ ಗೊತ್ತಾಗುತ್ತೆ, ಆತ ವೇಲ್ಸ್‌ನವನು.

ಕಾಯ್ದೆ ಇದ್ದೂ ಇದು ಹೇಗೆ ಆಯ್ತು? ಕಾಯ್ದೆ ಪುಸ್ತಕದಲ್ಲಿರೋದು ಬೇರೆ, ಸಂತೆಯಲ್ಲಿ ನಡೆಯೋದು ಬೇರೆ. ರಿಥಿನ್‌ನಲ್ಲಿ ದಂಗೆಗೆ ಮುಂಚಿನಿಂದಲೂ ಎರಡೂ ಕಡೆಯ ಜನ ಬೆರೆತು ಬಾಳಿದ್ರು. ಸುತ್ತಲಿನ ಬೆಟ್ಟಗಳಲ್ಲಿ ಕುರಿ, ಊರಲ್ಲಿ ಉಣ್ಣೆ ನೇಯೋರು. ಬೆಟ್ಟದಿಂದ ಉಣ್ಣೆ ತರೋರು ಯಾರು? ಅದೇ ವೇಲ್ಸ್ ಜನ. ಅವರ ಜೊತೆ ಅವರ ಭಾಷೆಯಲ್ಲಿ ಚೌಕಾಸಿ ಮಾಡೋನು ಬೇಕಲ್ಲ. ಸುಟ್ಟುಹೋದ ಊರಿಗೆ ಬಾಡಿಗೆ ಬೇಕು, ಸುಂಕ ಬೇಕು, ಸಂತೆ ತುಂಬಬೇಕು. ದುಡ್ಡು ಮತ್ತು ಕಸುಬು ಇದ್ದವನನ್ನು ಓಡಿಸಿ ದೊರೆ ಏನು ಮಾಡ್ತಾನೆ?

ಆದರೆ ಇದನ್ನು ಸಿಹಿ ಕಥೆ ಮಾಡಬೇಡಿ. ಆ ಕಾಯ್ದೆಗಳನ್ನು ಪುಸ್ತಕದಿಂದ ತೆಗೆದು ಹಾಕಿದ್ದು 1624ರಲ್ಲಿ. 222 ವರ್ಷ ತಲೆ ಮೇಲೆ ತೂಗುಗತ್ತಿ. ಎಲ್ಲಾ ಕಡೆ ಜಾರಿ ಆಗಲಿಲ್ಲ ನಿಜ, ಆದರೆ ವೈರಿಗೆ ಬೇಕಾದಾಗ ಕಾಯ್ದೆ ಎತ್ತಿ ತೋರಿಸಿ ಹೆದರಿಸಬಹುದಿತ್ತು. ಅಂಥ ನೆಲದ ಮೇಲೆ ಓಕ್ ಮರದ ಮನೆ ಕಟ್ಟಿಸೋಕೆ ಧೈರ್ಯ ಬೇಕು. ಡೇರೆ ಹಾಕಿ ವ್ಯಾಪಾರ ಮಾಡಿ ಹೋಗೋನು ಓಕ್ ಮರಕ್ಕೆ ದುಡ್ಡು ಹಾಕಲ್ಲ.

ಭಾಗ 5/8: ಮರಕ್ಕೆ ವಯಸ್ಸು ಕೇಳೋದು ಹೇಗೆ

"1435 ಅಂತ ಹೇಗೆ ಗೊತ್ತು? ಬಾಗಿಲ ಮೇಲೆ ಬರೆದಿತ್ತಾ?" ಇಲ್ಲ. ಮರವೇ ಹೇಳಿದ್ದು.

ಓಕ್ ಮರ ವರ್ಷಕ್ಕೊಂದು ಉಂಗುರ ಬೆಳೆಸುತ್ತೆ. ಬೆಳವಣಿಗೆಗೆ ಒಳ್ಳೆ ವರ್ಷವಾದ್ರೆ ಅಗಲ ಉಂಗುರ, ಕಷ್ಟದ ವರ್ಷವಾದ್ರೆ ಸಣ್ಣದು. ಒಂದು ಪ್ರದೇಶದ ಮರಗಳೆಲ್ಲ ಅದೇ ಹವಾಮಾನ ಉಂಡದ್ದರಿಂದ ಅವುಗಳ ಉಂಗುರದ ಸಾಲು ಒಂದಕ್ಕೊಂದು ಹೊಂದುತ್ತೆ, ಬಾರ್‌ಕೋಡ್ ಇದ್ದ ಹಾಗೆ. ತೊಲೆಯಿಂದ ಪೆನ್ಸಿಲ್ ಗಾತ್ರದ ಒಂದು ತುಣುಕು ಕೊರೆದು ತೆಗೆದು, ಕಾಲ ಗೊತ್ತಿರೋ ಮಾದರಿ ಸಾಲಿನ ಜೊತೆ ಹೋಲಿಸ್ತಾರೆ. ತೊಗಟೆಯ ಅಂಚು ಉಳಿದಿದ್ರೆ ಮರ ಕಡಿದ ವರ್ಷವೇ ಸಿಗುತ್ತೆ.

ಆಗಿನ ಬಡಗಿಗಳು ಓಕ್ ಒಣಗೋಕೆ ಕಾಯ್ತಾ ಇರಲಿಲ್ಲ. ಒಣಗಿದ ಓಕ್ ಕಬ್ಬಿಣದಂತೆ ಗಟ್ಟಿ, ಉಳಿ ನಾಟಲ್ಲ. ಹಸಿ ಇದ್ದಾಗಲೇ ಕೆತ್ತಿ ನಿಲ್ಲಿಸ್ತಿದ್ರು. ಹಾಗಾಗಿ ಮರ ಕಡಿದ ವರ್ಷ ಅಂದ್ರೆ ಹೆಚ್ಚುಕಮ್ಮಿ ಮನೆ ಕಟ್ಟಿದ ವರ್ಷ. ಈ ಪರೀಕ್ಷೆಯಿಂದಲೇ ನಾಂಟ್‌ಕ್ಲೂಯ್ಡ್ ಅ ಡ್ರೇಗೆ ಒಂದು ಪಟ್ಟ ಸಿಕ್ಕಿದೆ. ವೇಲ್ಸ್‌ನ ಪೇಟೆಗಳಲ್ಲಿ ಕಾಲ ಗೊತ್ತಾಗಿರೋ ಮರದ ಚೌಕಟ್ಟಿನ ಮನೆಗಳ ಪೈಕಿ ಇದೇ ಅತ್ಯಂತ ಹಳೆಯದು.

ಇಂಥ ಮನೆ ಕಟ್ಟೋ ರೀತಿ ನೋಡಿ. ಚೌಕಟ್ಟನ್ನು ಮೊದಲು ಬಡಗಿಯ ಅಂಗಳದಲ್ಲಿ ನೆಲದ ಮೇಲೆ ಮಲಗಿಸಿ ಜೋಡಿಸೋದು. ಒಂದು ತೊಲೆಯ ತುದಿಯನ್ನು ನಾಲಿಗೆ ಥರ ಕೆತ್ತಿ, ಇನ್ನೊಂದರ ತೂತಿಗೆ ಕೂರಿಸಿ, ಅಡ್ಡಕ್ಕೆ ಓಕ್ ಗೂಟ ಹೊಡೆಯೋದು. ಕಬ್ಬಿಣದ ಮೊಳೆ ಬೇಕಾಗಲ್ಲ. ಪ್ರತಿ ಕೂಡುವಿಕೆಗೂ ಗೀಟು ಹಾಕಿ ನಂಬರ್ ಕೊಡೋದು. ಆಮೇಲೆ ಎಲ್ಲಾ ಬಿಚ್ಚಿ ಗಾಡಿಯಲ್ಲಿ ಸೈಟಿಗೆ ತಂದು ನಂಬರ್ ಪ್ರಕಾರ ಎತ್ತಿ ನಿಲ್ಲಿಸೋದು. ಈಗ ಆನ್‌ಲೈನ್‌ನಲ್ಲಿ ತರಿಸಿದ ಮಂಚವನ್ನು ಚೀಟಿ ನೋಡ್ಕೊಂಡು ಜೋಡಿಸ್ತೀವಲ್ಲ, ಅದರ ಮುತ್ತಜ್ಜ ಇದು.

ಚೌಕಟ್ಟಿನ ನಡುವಿನ ಖಾಲಿ ಜಾಗಕ್ಕೆ ಕಡ್ಡಿ ಹೆಣೆದ ತಡಿಕೆ, ಅದರ ಮೇಲೆ ಜೇಡಿಮಣ್ಣು, ಸಗಣಿ, ಹುಲ್ಲು ಕಲಸಿ ಮೆತ್ತಿ, ಕೊನೆಗೆ ಸುಣ್ಣ. ನಮ್ಮ ಅಜ್ಜಿಯಂದಿರಿಗೆ ಹೇಳಿದ್ರೆ "ಇದರಲ್ಲಿ ಏನಪ್ಪಾ ಹೊಸದು" ಅಂತಾರೆ. ಭಾರ ಹೊರೋದು ಮರ, ಗೋಡೆ ಬರೀ ಮರೆಗೆ. ಈ ಒಂದು ಮಾತು ನೆನಪಿಟ್ಕೊಳ್ಳಿ, ಏಳನೇ ಭಾಗದಲ್ಲಿ ಬೇಕಾಗುತ್ತೆ.

ಭಾಗ 6/8: ಒಂದೇ ಮನೆ, ಎಷ್ಟೊಂದು ಬಾಳು

ಹುಟ್ಟಿದಾಗ ಇದು ಹಜಾರದ ಮನೆ. ನಡುವೆ ಎತ್ತರದ ಒಂದು ಹಜಾರ, ಅಟ್ಟ ಇಲ್ಲ, ಕತ್ತೆತ್ತಿದ್ರೆ ನೇರ ಮಾಡು ಕಾಣುತ್ತೆ. ಆ ಕಾಲದ ಇಂಥ ಮನೆಗಳಲ್ಲಿ ಬೆಂಕಿ ನೆಲದ ನಡುವೆಯೇ ಉರಿಯೋದು. ಹೊಗೆ ಮೇಲೇರಿ ಮಾಡಿನ ಸಂದಿನಿಂದ ಆಚೆ ಹೋಗೋದು. ಗಾಜು ಅಂದ್ರೆ ಶ್ರೀಮಂತಿಕೆ, ಹೆಚ್ಚಿನ ಮನೆಗಳ ಕಿಟಕಿಗೆ ಬರೀ ಮರದ ಬಾಗಿಲು. ಯಜಮಾನ, ಹೆಂಡತಿ, ಮಕ್ಕಳು, ಆಳು, ಎಲ್ಲರೂ ಅದೇ ಹೊಗೆಯಲ್ಲಿ.

ಮುಂದಿನ ಇನ್ನೂರು ವರ್ಷದಲ್ಲಿ ಮನೆ ಬೆಳೀತಾ ಹೋಯ್ತು. ಬ್ರಿಟನ್‌ನಲ್ಲೆಲ್ಲ ಹೊಗೆಗೂಡು ಬಂದಾಗ ಹಜಾರಗಳ ಮೇಲೆ ಅಟ್ಟ ಹಾಕೋಕೆ ಸಾಧ್ಯ ಆಯ್ತು. ಒಂದು ಕೋಣೆ ಇದ್ದ ಕಡೆ ಎರಡು. ಮಲಗೋಕೆ ಬೇರೆ, ಓದೋಕೆ ಬೇರೆ. ಒಬ್ಬರೇ ಬಾಗಿಲು ಹಾಕ್ಕೊಂಡು ಕೂರೋದು ಅನ್ನೋ ಸುಖ ಮನೆಗಳಿಗೆ ಬಂದದ್ದು ಹೀಗೆ. ಈಗ ಬೀದಿ ಕಡೆಗೆ ಕಂಬಗಳ ಮೇಲೆ ಚಾಚಿಕೊಂಡು ನಿಂತಿರೋ ಮುಂಭಾಗ ಕೂಡ ಗೊರೊನ್ವಿ ಕಾಲದ್ದಲ್ಲ, ಆಮೇಲೆ ಸೇರಿದ್ದು. ಮನೆ ನಾಂಟ್‌ಕ್ಲೂಯ್ಡ್ ಎಸ್ಟೇಟ್‌ಗೆ ಸೇರಿ ಈಗಿನ ಹೆಸರು ಪಡೆಯಿತು.

ಆಮೇಲೆ ಬಾಡಿಗೆ ಕಾಲ. ಊರಿಗೆ ಕೇಸು ವಿಚಾರಣೆಗೆ ಬರೋ ಜಡ್ಜ್‌ಗಳು ಇಳಿದುಕೊಳ್ಳೋ ಮನೆ ಆಯ್ತು. ಹೆಣ್ಣುಮಕ್ಕಳ ಶಾಲೆ ಆಯ್ತು. ಪಾದ್ರಿಯ ಬಿಡಾರವೂ ಆಯ್ತು. ಯಾರ ಜನರಿಗೆ ಇಲ್ಲಿ ಜಾಗ ಕೊಳ್ಳಬಾರದು ಅಂತ ಕಾಯ್ದೆ ಇತ್ತೋ, ಅವರಲ್ಲೊಬ್ಬ ಕಟ್ಟಿಸಿದ ಮನೆಯಲ್ಲಿ ಕಾಯ್ದೆ ಓದೋ ಜಡ್ಜ್‌ಗಳೇ ಬಂದು ಮಲಗಿದ್ರು. ಇದನ್ನು ಓದಿದಾಗ ನನಗೆ ನಗು ಬಂತು.

ಈಗ ಒಳಗೆ ಹೋದ್ರೆ ಒಂದೊಂದು ಕೋಣೆ ಒಂದೊಂದು ಕಾಲಕ್ಕೆ ಸಜ್ಜಾಗಿದೆ. ಒಂದು ಮಧ್ಯಯುಗದ ಮಲಗೋ ಕೋಣೆ, ಇನ್ನೊಂದು ವಿಕ್ಟೋರಿಯಾ ಕಾಲದ ಶಾಲಾ ಕೋಣೆ, ಮತ್ತೊಂದು ಇಪ್ಪತ್ತನೇ ಶತಮಾನದ್ದು. ಒಂದೇ ಕಾಲಕ್ಕೆ ನಿಲ್ಲಿಸಿ "ಇದೇ ಅಸಲಿ" ಅಂತ ಅವರು ಹೇಳಲಿಲ್ಲ. ನನಗೆ ಅದು ಇಷ್ಟವಾಯ್ತು.

ಭಾಗ 7/8: ಯಾಕೆ ಬೀಳಲಿಲ್ಲ

ಮೊದಲ ಭಾಗದ ಪ್ರಶ್ನೆಗೆ ಬರೋಣ. ಪುಸ್ತಕದಲ್ಲಿ ಸೊನ್ನೆ ಆದ ಮೇಲೂ ಇದು ನಿಂತದ್ದು ಹೇಗೆ?

ಒಂದು, ಮರದ ಚೌಕಟ್ಟಿನ ಮನೆಯನ್ನು ತುಂಡು ತುಂಡಾಗಿ ರಿಪೇರಿ ಮಾಡಬಹುದು. ಕಂಬದ ಬುಡ ಕೊಳೆತರೆ ಅಷ್ಟನ್ನೇ ಕತ್ತರಿಸಿ ಹೊಸ ಓಕ್ ಕೂರಿಸಬಹುದು. ಗೋಡೆ ಭಾರ ಹೊರೋದಿಲ್ಲ ಅಂದೆನಲ್ಲ, ಹಾಗಾಗಿ ಗೋಡೆ ಪೂರ್ತಿ ತೆಗೆದು ಮತ್ತೆ ಕಟ್ಟಿದ್ರೂ ಮಾಡು ಬೀಳಲ್ಲ.

ಎರಡು, ಮನೆಗೆ ಯಾವಾಗಲೂ ಏನೋ ಒಂದು ಕೆಲಸ ಇತ್ತು. ವಾಸ, ಬಾಡಿಗೆ, ಶಾಲೆ, ಜಡ್ಜ್ ಬಿಡಾರ. ಖಾಲಿ ಬಿದ್ದ ಮನೆಯಲ್ಲಿ ಒಂದು ಹೆಂಚು ಜಾರಿದ್ರೆ ಯಾರೂ ನೋಡಲ್ಲ. ಎರಡು ಮಳೆಗಾಲಕ್ಕೆ ತೊಲೆ ಕೊಳೆಯುತ್ತೆ. ಜನ ಇರೋ ಮನೆಯಲ್ಲಿ ನೀರು ತಲೆ ಮೇಲೆ ತೊಟ್ಟಿಕ್ಕಿದ ರಾತ್ರಿಯೇ ಹೆಂಚು ಸರಿ ಮಾಡ್ತಾರೆ.

ಮೂರು, ರಿಥಿನ್‌ಗೆ ಕಲ್ಲಿದ್ದಲ ಗಣಿಯ ಅಥವಾ ದೊಡ್ಡ ಕಾರ್ಖಾನೆಯ ಭರಾಟೆ ಬರಲಿಲ್ಲ. ದುಡ್ಡು ಸುರಿದಿದ್ರೆ ಹಳೇ ಮನೆ ಕೆಡವಿ ಹೊಸದು ಎಬ್ಬಿಸ್ತಿದ್ರೇನೋ. ಇದು ನನ್ನ ಊಹೆ, ನೀವು ಒಪ್ಪಲೇಬೇಕು ಅಂತಿಲ್ಲ.

ನಾಲ್ಕು, ಕೊನೆಗೆ ಸರ್ಕಾರ ಕೈ ಹಾಕ್ತು. 1984ರಲ್ಲಿ ಅಲ್ಲಿನ ಕೌಂಟಿ ಕೌನ್ಸಿಲ್ ಮನೆ ಕೊಂಡುಕೊಂಡಿತು. ಇಪ್ಪತ್ತಕ್ಕೂ ಹೆಚ್ಚು ವರ್ಷ ಕಾದು, ದುರಸ್ತಿ ಮಾಡಿ, 2007ರಲ್ಲಿ ಜನಕ್ಕೆ ತೆರೆದ್ರು. ಈಗ ಅದು ಗ್ರೇಡ್ 1 ಸಂರಕ್ಷಿತ ಕಟ್ಟಡ, ಅಂದ್ರೆ ಅಲ್ಲಿನ ಪಟ್ಟಿಯ ಅತಿ ಮೇಲಿನ ದರ್ಜೆ.

ಇಂಥ ದುರಸ್ತಿಯಲ್ಲಿ ಒಂದು ಪಾಠ ಇದೆ. ಕಳೆದ ಶತಮಾನದಲ್ಲಿ ಬ್ರಿಟನ್‌ನ ಎಷ್ಟೋ ಮರದ ಮನೆಗಳಿಗೆ "ಗಟ್ಟಿಯಾಗಲಿ" ಅಂತ ಸಿಮೆಂಟ್ ಮೆತ್ತಿದ್ರು. ಸಿಮೆಂಟ್ ನೀರನ್ನು ಒಳಗೇ ಹಿಡಿದಿಡುತ್ತೆ, ಅದರ ಹಿಂದೆ ಓಕ್ ಸದ್ದಿಲ್ಲದೆ ಕೊಳೆಯುತ್ತೆ. ಸುಣ್ಣ ಉಸಿರಾಡುತ್ತೆ, ಒಳಗಿನ ತೇವ ಆಚೆ ಹೋಗೋಕೆ ಬಿಡುತ್ತೆ. ಒಳ್ಳೇದು ಮಾಡೋಕೆ ಹೋಗಿ ಕೊಂದ ಮನೆಗಳು ಕಡಿಮೆ ಏನಿಲ್ಲ.

ಇನ್ನೊಂದು ಮಾತು ಹೇಳದೇ ಇದ್ರೆ ತಪ್ಪಾಗುತ್ತೆ. ಉಳಿದದ್ದು ವ್ಯಾಪಾರಿಯ ಓಕ್ ಮನೆ. ಅವನಿಗೆ ಉಣ್ಣೆ ನೂತ ಹೆಂಗಸಿನ ಗುಡಿಸಲು, ಕುರಿ ಕಾಯೋನ ಸೂರು ಉಳಿದಿಲ್ಲ. ಹಳೇ ಮನೆ ನೋಡಿ "ಆಗಿನವರು ಎಷ್ಟು ಗಟ್ಟಿ ಕಟ್ತಿದ್ರು" ಅಂತ ಅನ್ನೋಕೆ ಮುಂಚೆ ಬಿದ್ದುಹೋದವುಗಳನ್ನೂ ಲೆಕ್ಕಕ್ಕೆ ತಗೊಳ್ಳಿ. ನಾವು ಲಾಭ ಬಂದ ಕಂಪನಿ ಮಾತ್ರ ನೋಡಿ ಶೇರು ಮಾರ್ಕೆಟ್ ಸುಲಭ ಅಂದ್ಕೊಳ್ಳೋದೂ ಇದೇ ತಪ್ಪು.

ಭಾಗ 8/8: ಬಾವಲಿ, ಬ್ಯಾಲೆನ್ಸ್ ಶೀಟ್ ಮತ್ತು ನೀವು

ಈ ಮನೆಗೆ ಈಗಲೂ ಬಾಡಿಗೆ ಕೊಡದ ನಿವಾಸಿಗಳಿದ್ದಾರೆ. ಮಾಡಿನಡಿ ಪುಟ್ಟ ಕುದುರೆಲಾಳ ಬಾವಲಿಗಳ ಗುಂಪು ಇದೆ. ಬ್ರಿಟನ್‌ನಲ್ಲಿ ಬಾವಲಿ ಗೂಡಿಗೆ ಕೈ ಹಾಕೋದು ಅಪರಾಧ. ಹಾಗಾಗಿ ಓಡಿಸೋ ಬದಲು ಕ್ಯಾಮೆರಾ ಇಟ್ಟು ನೋಡೋಕೆ ಬಂದವರಿಗೆ ತೋರಿಸ್ತಾರೆ. ಹಿಂದೆ ಗೋಡೆ ಸುತ್ತಿದ ತೋಟ ಇದೆ, ಹೆಸರು ಲಾರ್ಡ್ಸ್ ಗಾರ್ಡನ್. ಊರು ಸುಡೋದಕ್ಕೆ ಕಾರಣವಾದ ಕೋಟೆಯ ತೋಟ, ಈಗ ವ್ಯಾಪಾರಿ ಮನೆಯ ಹಿತ್ತಲು.

ಈಗ ನಮ್ಮ ಸಬ್ಜೆಕ್ಟ್‌ಗೆ ಬರ್ತೀನಿ. ನಮ್ಮ ಕಂಪನಿ ಕಾಯ್ದೆಯ ಶೆಡ್ಯೂಲ್ 2 ಪ್ರಕಾರ ಕಾಂಕ್ರೀಟ್ ಚೌಕಟ್ಟಿನ ಕಟ್ಟಡಕ್ಕೆ 60 ವರ್ಷ, ಅದಿಲ್ಲದ್ದಕ್ಕೆ 30 ವರ್ಷ ಆಯಸ್ಸು. ತಪ್ಪೇನಿಲ್ಲ, ಲಾಭ ನಷ್ಟ ಲೆಕ್ಕ ಹಾಕೋಕೆ ಒಂದು ಅಂದಾಜು ಬೇಕೇ ಬೇಕು. ತೊಂದರೆ ಆಗೋದು ಆ ಅಂದಾಜನ್ನೇ ನಿಜ ಅಂತ ನಂಬಿದಾಗ. "ಹಳೇದಾಯ್ತು, ವ್ಯಾಲ್ಯೂ ಇಲ್ಲ, ಕೆಡವಿ" ಅನ್ನೋ ಮಾತು ಬರೋದು ಅಲ್ಲಿಂದ.

ಬ್ರಿಟನ್‌ನಲ್ಲಿ 2009ರಲ್ಲಿ ಇಂಥ ಆಸ್ತಿಗೆಂದೇ ಒಂದು ಲೆಕ್ಕಪತ್ರ ಮಾನದಂಡ ತಂದ್ರು, ಎಫ್‌ಆರ್‌ಎಸ್ 30, ಹೆರಿಟೇಜ್ ಅಸೆಟ್ಸ್. ಸರಳವಾಗಿ ಹೇಳೋದಾದ್ರೆ, ಅದರಲ್ಲಿ ಆಯಸ್ಸಿಗೆ ಕೊನೆ ಇಲ್ಲದ ಪಾರಂಪರಿಕ ಆಸ್ತಿಗೆ ಡಿಪ್ರಿಸಿಯೇಶನ್ ಹಾಕಬೇಕಾಗಿರಲಿಲ್ಲ. ಬೆಲೆ ಕಟ್ಟೋಕೆ ಆಗದಿದ್ರೆ ಬ್ಯಾಲೆನ್ಸ್ ಶೀಟ್‌ನಲ್ಲಿ ಅಂಕಿ ಇಲ್ಲದೇ ಇರಬಹುದಿತ್ತು, ಆದರೆ "ನಮ್ಮ ಹತ್ತಿರ ಇದು ಇದೆ, ಇದನ್ನು ಹೀಗೆ ನೋಡ್ಕೋತಿದ್ದೀವಿ" ಅಂತ ಜನಕ್ಕೆ ತಿಳಿಸಲೇಬೇಕಿತ್ತು. ಇದನ್ನು ಓದಿದ ದಿನ ನನಗೆ ಅಕೌಂಟಿಂಗ್ ಮೇಲೆ ಸ್ವಲ್ಪ ಗೌರವ ಜಾಸ್ತಿ ಆಯ್ತು, ಸುಳ್ಳು ಹೇಳಲ್ಲ.

ಗೊರೊನ್ವಿ ಅಪ್ ಮಡೋಗ್ ರಾಜ ಅಲ್ಲ, ಯುದ್ಧ ಗೆಲ್ಲಲಿಲ್ಲ. ಅವನ ಜನರಿಗೆ ಇಲ್ಲಿ ಜಾಗ ಇಲ್ಲ ಅಂತ ಬರೆದ ಕಾಯ್ದೆಯನ್ನು ತೆಗೆದು ಹಾಕಿ ನಾಲ್ಕುನೂರು ವರ್ಷ ಆಯ್ತು. ಅವನ ಹೆಸರು ಮಾತ್ರ ಆ ಮನೆಯ ಜೊತೆ ಇನ್ನೂ ಹೇಳ್ತಾರೆ.

ನಿಮಗೆ ಒಂದೇ ಒಂದು ಹೋಮ್‌ವರ್ಕ್. ನಿಮ್ಮ ಬೀದಿಯಲ್ಲಿ ಅತಿ ಹಳೇ ಮನೆ ಯಾವುದು? ಯಾರು ಕಟ್ಟಿಸಿದ್ದು, ಏನು ಕಸುಬು ಮಾಡ್ತಿದ್ರು? ಅಜ್ಜ ಅಜ್ಜಿಯನ್ನೋ, ಎದುರುಮನೆಯವರನ್ನೋ ಕೇಳಿ ಬರೆದಿಟ್ಕೊಳ್ಳಿ. ಮನೆ ಉಳಿಸೋದು ನಮ್ಮ ಕೈಲಿ ಇರುತ್ತೋ ಇಲ್ಲವೋ, ಹೆಸರು ಬರೆದಿಡೋದಂತೂ ಇದೆ.

ನಾಳೆ ಕಾಸ್ಟಿಂಗ್ ಟೆಸ್ಟ್ ಇದೆ, ನಾನು ಹೊರಟೆ. ನೀವೂ ಓದ್ಕೊಳ್ಳಿ.

#ಇತಿಹಾಸ #ಕನ್ನಡದಲ್ಲಿಇತಿಹಾಸ #ವೇಲ್ಸ್ #ಹಳೇಮನೆ #ಬಿಕಾಂಬದುಕು